ಮನೆಯ ಸ್ವಿಚ್ಚಿನ ಜಾಗದಲ್ಲಿ ಡಿಮ್ಮರ್

ಕಾಫಿ ಕೊಯ್ಲು, ಅಡಿಕೆ ಸುಲಿತ ಎರಡೂ ಮುಗಿದು ಕೈ ಸ್ವಲ್ಪ ಬಿಡುವಾದ ಮೇಲೆ ಮನೆಯ ದುರಸ್ತಿ ಕೆಲಸಗಳು ನೆನಪಿಗೆ ಬರುವುದು ನಮ್ಮವರ ವಾಡಿಕೆ. ಗೊಬ್ಬರದ ಲೆಕ್ಕಕ್ಕೆಂದು ಸಂಘದ ಕಚೇರಿಗೆ ಬಂದ ಸದಸ್ಯರಲ್ಲಿ ಕೆಲವರು ಈ ಸಲ ದೀಪದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಡಿಮ್ಮರ್ ವಿಷಯ ವಿಚಾರಿಸಿದರು. ಇದು ಪೇಟೆಯವರ ಶೋಕಿ ಎಂದು ತಳ್ಳಿಹಾಕುವಂತಿಲ್ಲ. ರಾತ್ರಿ ಬಚ್ಚಲಿಗೆ ಏಳುವ ವೃದ್ಧರು, ದೊಡ್ಡ ದೀಪ ಹಾಕಿದರೆ ಕಣ್ಣು ಕೋರೈಸುತ್ತದೆ, ಮಲಗಿದವರಿಗೆ ಎಚ್ಚರವಾಗುತ್ತದೆ ಎಂದು ಕತ್ತಲಲ್ಲೇ ಗೋಡೆ ತಡವಿಕೊಂಡು ಹೋಗುತ್ತಾರೆ. ನಮ್ಮ ಹಳೆಯ ಮನೆಗಳ ಹೊಸ್ತಿಲುಗಳೋ ಗೇಣೆತ್ತರದವು. ಹಾಗೆ ಎಡವಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆ ವಯಸ್ಸಿನಲ್ಲಿ ಮತ್ತೆ ಎದ್ದು ಓಡಾಡುವುದು ಸುಲಭವಲ್ಲ. ಹಿಂದೆ ಲಾಟೀನಿನ ಬತ್ತಿ ಇಳಿಸಿ ಮೂಲೆಯಲ್ಲಿಟ್ಟು ಮಲಗುತ್ತಿದ್ದೆವು. ವಿದ್ಯುತ್ ಬಂದಾಗ ಕಳೆದುಕೊಂಡ ಆ ಅನುಕೂಲವನ್ನು ಡಿಮ್ಮರ್ ಮರಳಿ ಕೊಡುತ್ತದೆ.

ಇದರ ಕೆಲಸದ ಬಗೆಯನ್ನು ತಿಳಿದರೆ ಮುಂದಿನದೆಲ್ಲ ಸುಲಭ. ಹಳೆಯ ಪದ್ಧತಿಯಲ್ಲಿ ವಿದ್ಯುತ್ತಿನ ದಾರಿಗೆ ತಡೆ ಒಡ್ಡಿ ಬೆಳಕು ತಗ್ಗಿಸುತ್ತಿದ್ದರು. ನಾಟಕದವರು ಉಪ್ಪುನೀರಿನ ಪಾತ್ರೆಯಲ್ಲಿ ಲೋಹದ ತಗಡನ್ನು ಮೇಲೆ ಕೆಳಗೆ ಮಾಡಿ ರಂಗದ ದೀಪಗಳನ್ನು ಇಳಿಸುತ್ತಿದ್ದುದೂ ಇದೇ ತತ್ವದ ಮೇಲೆ. ಪಂಪು ಪೂರ್ತಿ ಓಡುತ್ತಿರುವಾಗ ಗೇಟ್‌ವಾಲ್ವನ್ನು ಅರ್ಧ ಮುಚ್ಚಿದ ಹಾಗೆ: ನೀರೇನೋ ಕಡಿಮೆಯಾಗುತ್ತದೆ, ಆದರೆ ಶಕ್ತಿಯ ಒಂದು ಪಾಲು ವಾಲ್ವಿನಲ್ಲೇ ವ್ಯರ್ಥವಾಗುತ್ತದೆ. ಹಳೆಯ ಫ್ಯಾನ್ ರೆಗ್ಯುಲೇಟರಿನ ದಪ್ಪ ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿರುತ್ತಿದ್ದುದು ಇದಕ್ಕೇ. 1959ರಲ್ಲಿ ಅಮೆರಿಕದ ಜೋಯೆಲ್ ಸ್ಪೈರಾ ಎಂಬವರು ಅರೆವಾಹಕವನ್ನು ಬಳಸಿ ಗೋಡೆಯ ಸ್ವಿಚ್ ಪೆಟ್ಟಿಗೆಯಲ್ಲೇ ಕೂರುವ ಡಿಮ್ಮರ್ ರೂಪಿಸಿದರು. ಇಂದಿನವು ಅದೇ ಜಾತಿಯವು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು, ಅಂದರೆ 100 ಅರ್ಧ ಆವರ್ತಗಳು. ಪ್ರತಿ ಅರ್ಧ ಆವರ್ತದ ಮೊದಲ ಭಾಗದಲ್ಲಿ ಡಿಮ್ಮರ್ ವಿದ್ಯುತ್ತನ್ನು ತಡೆದು ನಿಲ್ಲಿಸಿ, ಉಳಿದ ಭಾಗದಲ್ಲಿ ಬಿಡುತ್ತದೆ. ವಾಲ್ವನ್ನು ಕಿರಿದು ಮಾಡುವ ಬದಲು ಸ್ಪ್ರಿಂಕ್ಲರನ್ನು ಅರ್ಧ ಹೊತ್ತು ಮಾತ್ರ ಓಡಿಸಿದಂತೆ. ಸೆಕೆಂಡಿಗೆ ನೂರು ಸಲ ನಡೆಯುವುದರಿಂದ ಕಣ್ಣಿಗೆ ಅದು ಕಾಣುವುದಿಲ್ಲ. ಬೆಳಕು ತಗ್ಗಿದೆ ಎಂದಷ್ಟೇ ತೋರುತ್ತದೆ.

ಕರೆಂಟ್ ಬಿಲ್ಲು ಇಳಿಯುತ್ತದೆಂಬ ಆಸೆಯಿಂದ ಮಾತ್ರ ಇದನ್ನು ಕೊಳ್ಳಬೇಡಿ. 9 ವಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ ಆಗುವುದು ಒಂದೂಕಾಲು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅದರಲ್ಲಿ ಅರ್ಧ ಉಳಿಸಿದರೂ ಒಂದು ಲೋಟ ಕಾಫಿಯ ಖರ್ಚೂ ಹುಟ್ಟುವುದಿಲ್ಲ.

ಬಲ್ಬಿನ ವಿಚಾರದಲ್ಲಿಯೇ ಹೆಚ್ಚಿನವರು ಮೋಸ ಹೋಗುವುದು. ತಂತಿಯ ಹಳೆಯ ಬಲ್ಬು ಯಾವ ಡಿಮ್ಮರಿಗೂ ಒಗ್ಗುತ್ತದೆ. ಎಲ್‌ಇಡಿ ಹಾಗಲ್ಲ, ಅದರ ಬುಡದಲ್ಲಿರುವ ಪುಟ್ಟ ಸರ್ಕ್ಯೂಟು ಕತ್ತರಿಸಿದ ವಿದ್ಯುತ್ತನ್ನು ಸಹಿಸುವಂತೆ ಮಾಡಿರದಿದ್ದರೆ ದೀಪ ಮಿಣಮಿಣ ಎನ್ನುತ್ತದೆ, ಗುಂಯ್‌ಗುಡುತ್ತದೆ, ಬೇಗ ಹಾಳಾಗುತ್ತದೆ. ಪೆಟ್ಟಿಗೆಯ ಮೇಲೆ ಡಿಮ್ಮೆಬಲ್ ಎಂದು ಮುದ್ರಿಸಿದ್ದನ್ನೇ ಕೇಳಿ ಕೊಳ್ಳತಕ್ಕದ್ದು. ಡಿಮ್ಮರಿಗೆ ಕನಿಷ್ಠ ಹೊರೆಯೆಂಬುದೂ ಇದೆ. ದೊಡ್ಡ ಡಿಮ್ಮರಿಗೆ ಒಂದೇ ಒಂದು ಸಣ್ಣ ಬಲ್ಬು ಸಾಲದೆ ಹೋಗಬಹುದು. ಎಲ್‌ಇಡಿಗೆ ಆಗುತ್ತದೆಂದು ಬರೆದಿರುವ ಡಿಮ್ಮರನ್ನು, ಎಷ್ಟು ವಾಟಿನಿಂದ ಎಷ್ಟು ವಾಟಿನವರೆಗೆ ಎಂಬುದನ್ನು ನೋಡಿಯೇ ತನ್ನಿ. ಚೋಕ್ ಇರುವ ಟ್ಯೂಬ್‌ಲೈಟಿಗೆ ಇದನ್ನು ಸೇರಿಸಲೇಬಾರದು.

ಇನ್ನು ಜೋಡಣೆ. ಕೆಲಸ ಚಿಕ್ಕದು, ಆದರೆ ಜೀವದ ಪ್ರಶ್ನೆ ಇರುವುದು ಇಲ್ಲಿಯೇ. ಮೇನ್ ಸ್ವಿಚ್ ತೆಗೆದೆವು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡೆವು, ಇನ್ನೇನು ಭಯ ಎಂದು ಬೋರ್ಡಿಗೆ ಕೈ ಹಾಕುವುದು ಹಿಂದೆ ಸರಿಯಿದ್ದಿರಬಹುದು. ಈಗ ನಮ್ಮ ಬಹುತೇಕ ಮನೆಗಳಲ್ಲಿ ಇನ್ವರ್ಟರ್ ಇದೆ. ಮೇನ್ ತೆಗೆದ ಕ್ಷಣದಲ್ಲೇ, ಲೈನು ಹೋಯಿತೆಂದು ತಿಳಿದು ಅದು ತಾನಾಗಿ ಚಾಲೂ ಆಗುತ್ತದೆ. ಬ್ಯಾಟರಿಯಿಂದ ಅದೇ ದೀಪದ ತಂತಿಗೆ 230 ವೋಲ್ಟ್ ಕೊಡುತ್ತದೆ. ಬ್ಯಾಟರಿಯದ್ದಲ್ಲವೇ ಎಂದು ಹಗುರಾಗಿ ಎಣಿಸಬಾರದು, ಅದರ ಹೊಡೆತ ಲೈನಿನ ಹೊಡೆತಕ್ಕೆ ಏನೂ ಕಡಿಮೆಯಲ್ಲ. ಇನ್ವರ್ಟರಿನ ಗುಂಡಿಯೊಂದನ್ನೇ ಆರಿಸಿದರೂ ಸಾಲದು, ಮೇನ್ ಇರುವಾಗ ಲೈನಿನ ವಿದ್ಯುತ್ತು ಅದರ ಮೂಲಕವೇ ಹಾದು ಬರುತ್ತದೆ. ಆದುದರಿಂದ ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಬೇಕು. ಜನರೇಟರ್, ಸೋಲಾರ್ ಇದ್ದವರು ಅವನ್ನೂ. ಬಳಿಕ ಟೆಸ್ಟರ್ ಹಿಡಿದು ನೋಡಬೇಕು. ಟೆಸ್ಟರೇ ಕೆಟ್ಟಿದ್ದರೆ? ಅದಕ್ಕಾಗಿ, ಆರಿಸುವ ಮೊದಲು ವಿದ್ಯುತ್ ಇರುವ ಪ್ಲಗ್ಗಿನಲ್ಲಿ ಅದನ್ನು ಪರೀಕ್ಷಿಸಿಕೊಳ್ಳಿ. ಕಾಲಿನಲ್ಲಿ ಒಣಗಿದ ರಬ್ಬರ್ ಚಪ್ಪಲಿ, ಕೆಳಗೆ ಮರದ ಹಲಗೆ ಇರಲಿ. ಆಷಾಢದ ಮಳೆಯಲ್ಲಿ ಗೋಡೆಯೇ ಬೆವರುವ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ದೀಪ, ಫ್ಯೂಸ್, ಸ್ವಿಚ್ಚುಗಳನ್ನು ವೈರಿಂಗಿನ ಸ್ವರೂಪ ಬದಲಾಗದಂತೆ ಬದಲಿಸಿಕೊಳ್ಳಲು ಮಾತ್ರ ಬಿಡುತ್ತವೆ. ಅದಕ್ಕೆ ಮೀರಿದ್ದನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು. ಮರದ ಪಟ್ಟಿಯ ಹಳೆಯ ವೈರಿಂಗ್ ಇರುವ ಮನೆಯವರಿಗೆ ನನ್ನ ಸಲಹೆ, ವೈರ್‌ಮನ್ನನ್ನೇ ಕರೆಸಿ ಎಂಬುದು. ಆತ ಬಂದಾಗ ಒಂದು ಪರೀಕ್ಷೆ ಮಾಡಿಸಿ. ಸ್ವಿಚ್ ಹಾಕಿ ದೀಪ ಉರಿಯುವಾಗ ಸ್ವಿಚ್ಚಿನ ಎರಡೂ ತುದಿಗಳಲ್ಲಿ ಟೆಸ್ಟರ್ ಬೆಳಗಬೇಕು. ಎರಡರಲ್ಲೂ ಬೆಳಗದಿದ್ದರೆ ಸ್ವಿಚ್ಚು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂತಿದೆ ಎಂದರ್ಥ. ಅಂಥ ಕಡೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ ನಿಂತೇ ಇರುತ್ತದೆ. ಡಿಮ್ಮರ್ ಮಾತು ಆಮೇಲೆ, ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಹಳೆಯ ಮನೆಗಳಲ್ಲಿ ತಂತಿಯ ಬಣ್ಣ ನೋಡಿ ಯಾವುದು ಯಾವುದೆಂದು ನಿರ್ಧರಿಸುವಂತಿಲ್ಲ.

ಬೋರ್ಡಿನಲ್ಲಿ ಜಾಗವಿದ್ದರೆ ಇದ್ದ ಸ್ವಿಚ್ಚನ್ನು ಕೀಳದೆ, ಫ್ಯಾನಿಗೆ ರೆಗ್ಯುಲೇಟರ್ ಇಟ್ಟಂತೆ ಡಿಮ್ಮರನ್ನು ಪಕ್ಕದಲ್ಲಿ ಕೂರಿಸುವುದೇ ಮೇಲು. ದೀಪಕ್ಕೆ ಹೋಗುವ ತಂತಿಯನ್ನು ಸ್ವಿಚ್ಚಿನಿಂದ ಬಿಚ್ಚಿ ಡಿಮ್ಮರಿನ ಒಂದು ತುದಿಗೆ ಕೊಟ್ಟು, ಇನ್ನೊಂದು ತುದಿಯಿಂದ ಸ್ವಿಚ್ಚಿಗೆ ತುಂಡು ತಂತಿ ಎಳೆದರಾಯಿತು. ಬಲ್ಬು ಬದಲಿಸುವಾಗ ಸ್ವಿಚ್ಚೇ ಫೇಸನ್ನು ಪೂರ್ತಿ ಕಡಿಯುತ್ತದೆ. ಡಿಮ್ಮರಿನ ಗುಂಡಿಯನ್ನು ಕನಿಷ್ಠಕ್ಕೆ ತಿರುಗಿಸಿದ ಮಾತ್ರಕ್ಕೆ ವಿದ್ಯುತ್ ಕಡಿದಂತಾಗದು. ಸ್ವಿಚ್ಚನ್ನೇ ತೆಗೆಯುವುದಾದರೆ ಅದರ ಒಂದು ತುದಿಯಲ್ಲಿ ಎರಡು ತಂತಿಗಳು ಸೇರಿವೆಯೇ ನೋಡಿ. ಒಂದು ಪಕ್ಕದ ಸ್ವಿಚ್ಚಿಗೆ ಹೋಗುವ ಲೂಪು. ಅದನ್ನು ಬಿಟ್ಟರೆ ಉಳಿದ ದೀಪಗಳು ಹತ್ತುವುದಿಲ್ಲ. ಮಹಡಿ ಮೆಟ್ಟಿಲಿನಲ್ಲಿ ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್ ಇರುವ ಕಡೆ ಸಾಮಾನ್ಯ ಡಿಮ್ಮರ್ ನಡೆಯದು.

ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿ. ಸಡಿಲ ತುದಿ ಕಾದು ಬೋರ್ಡು ಸುಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಡಿಮ್ಮರ್ ಸ್ವಲ್ಪ ಬೆಚ್ಚಗಾಗುವುದು ಸಹಜ, ಕೈಯಿಡಲಾರದಷ್ಟು ಬಿಸಿಯಾದರೆ ಆರಿಸಿ ತೋರಿಸಬೇಕು. ದೀಪದ ಡಿಮ್ಮರಿಗೆ ಫ್ಯಾನು, ಮಿಕ್ಸಿ, ಪಂಪು ಮುಂತಾದ ಯಾವ ಮೋಟಾರನ್ನೂ ಕೊಡಬಾರದು. ಅಗ್ಗದ ಚೌಕ ಅಲೆಯ ಇನ್ವರ್ಟರ್ ಇರುವವರ ಮನೆಯಲ್ಲಿ ಕರೆಂಟು ಹೋದಾಗ ದೀಪ ಮಿಣುಕಬಹುದು, ಸೈನ್ ಅಲೆಯದ್ದರಲ್ಲಿ ಈ ತೊಂದರೆ ಕಡಿಮೆ. ಹಾಗೆಯೇ ಮೀಡಿಯಂ ವೇವ್ ರೇಡಿಯೋದಲ್ಲಿ ಸಂಜೆಯ ವಾರ್ತೆ ಕೇಳುವ ಹಿರಿಯರಿದ್ದರೆ, ರೇಡಿಯೋವನ್ನು ಡಿಮ್ಮರಿನ ಗೋಡೆಯಿಂದ ದೂರ ಇಡಿ. ಬೆಳಕು ತಗ್ಗಿಸಿದಾಗ ಅದರಲ್ಲಿ ಗೊರಗೊರ ಸದ್ದು ಬರುತ್ತದೆ.