ಗೆಲ್ಲುವುದು ಬಲವೋ, ಸಮತೋಲವೋ?

ಕಾರಿನ ಹಿರಿಮೆಯನ್ನು ಅದರ ಅಶ್ವಶಕ್ತಿಯಿಂದ ಅಳೆಯುವುದು ಲೋಕರೂಢಿ. 1958ರ ಜನವರಿ 19ರಂದು ಬ್ಯೂನಸ್ ಐರಿಸ್ ನಗರದಲ್ಲಿ ನಡೆದ ಅರ್ಜೆಂಟೀನಾ ಗ್ರ್ಯಾಂಡ್ ಪ್ರಿ ಪಂದ್ಯವು ಈ ರೂಢಿಯನ್ನು ಅಲುಗಿಸಿತು. ಫೆರಾರಿ ಕಾರುಗಳ ಎಂಜಿನ್ನುಗಳು ಸುಮಾರು 2.4 ಲೀಟರಿನವು, ಸ್ಟರ್ಲಿಂಗ್ ಮಾಸ್ ನಡೆಸಿದ ಪುಟ್ಟ ಕೂಪರ್ ಕಾರಿನದು 2 ಲೀಟರಿಗೂ ತುಸು ಕಡಿಮೆ. ಆದರೂ ಗೆದ್ದವನು ಮಾಸ್! ಹಗುರವಾದ ಆ ಕಾರು ಟೈರು ಬದಲಿಸಲು ಒಮ್ಮೆಯೂ ನಿಲ್ಲದೆ ಓಡಿದುದು ಗೆಲುವಿಗೆ ಒಂದು ಕಾರಣವೆಂಬುದು ನಿಜ. ಆದರೆ 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಬಮ್ ಕೂಪರ್ ಕಾರಿನಲ್ಲಿಯೇ ವಿಶ್ವವಿಜೇತನಾದಾಗ, ಇದು ಆಕಸ್ಮಿಕವಲ್ಲವೆಂಬುದು ಸ್ಪಷ್ಟವಾಯಿತು. ಇದರ ಗುಟ್ಟೇನು?

ತಿರುವಿನಲ್ಲಿ ಓಡುವ ಕಾರಿಗೆ ಕೇಂದ್ರಾಭಿಮುಖ ಬಲ ಬೇಕಷ್ಟೆ. ಸಮತಟ್ಟಾದ ರಸ್ತೆಯಲ್ಲಿ ಅದನ್ನು ಒದಗಿಸುವುದು ಟೈರು ಮತ್ತು ರಸ್ತೆಗಳ ನಡುವಣ ಘರ್ಷಣೆ. ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ ಮತ್ತು ತಿರುವಿನ ತ್ರಿಜ್ಯ, ಈ ಮೂರರ ಗುಣಲಬ್ಧದ ವರ್ಗಮೂಲವೇ ಗರಿಷ್ಠ ವೇಗ. ಘರ್ಷಣಾಂಕ 0.9, ತ್ರಿಜ್ಯ 50 ಮೀಟರ್ ಆದರೆ, ವೇಗ ಸೆಕೆಂಡಿಗೆ 21 ಮೀಟರ್. ಎಂದರೆ ಗಂಟೆಗೆ ಸುಮಾರು 76 ಕಿಲೋಮೀಟರ್. ಈ ಲೆಕ್ಕದಲ್ಲಿ ಅಶ್ವಶಕ್ತಿಗೆ ಸ್ಥಾನವೇ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈ ಮಿತಿಯನ್ನು ಮುಟ್ಟಬೇಕಾದರೆ ನಾಲ್ಕು ಚಕ್ರಗಳೂ ಹೊಣೆಯನ್ನು ಹಂಚಿಕೊಳ್ಳಬೇಕು. ಮುಂದಿನ ಚಕ್ರಗಳು ಮೊದಲು ಹಿಡಿತ ಬಿಟ್ಟರೆ ಕಾರು ತಿರುಗದೆ ನೇರವಾಗಿ ನುಗ್ಗುತ್ತದೆ. ಹಿಂದಿನವು ಬಿಟ್ಟರೆ ಬುಗುರಿಯಂತೆ ಸುತ್ತುತ್ತದೆ.

ಇನ್ನೊಂದು ಸಂಗತಿಯುಂಟು. ಅಡ್ಡೆಯ ಎರಡು ತುದಿಗಳಿಗೂ ಕೊಡಗಳನ್ನು ತೂಗಿಸಿಕೊಂಡವನು ಥಟ್ಟನೆ ತಿರುಗಲಾರ. ಅವನ್ನೇ ಮೈಗೆ ಅವುಚಿಕೊಂಡವನು ಸುಲಭವಾಗಿ ತಿರುಗುತ್ತಾನೆ. ತಿರುಗುವಿಕೆಗೆ ವಸ್ತುವು ಒಡ್ಡುವ ಜಡತ್ವವು ಅಕ್ಷದಿಂದಿರುವ ದೂರದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ. ಕೂಪರ್ ಕಾರಿನಲ್ಲಿ ಎಂಜಿನ್ ಇದ್ದುದು ಚಾಲಕನ ಬೆನ್ನ ಹಿಂದೆ, ಹಿಂದಿನ ಅಚ್ಚಿಗಿಂತ ಮುಂದೆ. ಹೀಗೆ ಭಾರವೆಲ್ಲ ನಡುವಿಗೆ ಬಂದುದರಿಂದ ಕಾರು ಚಾಲಕನ ಇಂಗಿತವನ್ನು ಅರಿತಂತೆ ತಿರುಗುತ್ತಿತ್ತು. ತಿರುವಿನಿಂದ ಹೆಚ್ಚು ವೇಗದಲ್ಲಿ ಹೊರಬಿದ್ದ ಕಾರಿಗೆ ಮುಂದಿನ ನೇರ ದಾರಿಯಲ್ಲಿಯೂ ಆ ಲಾಭ ಉಳಿಯುತ್ತದೆ. 1961ರ ಹೊತ್ತಿಗೆ ಫೆರಾರಿಯೂ ತನ್ನ ಗ್ರ್ಯಾಂಡ್ ಪ್ರಿ ಕಾರಿನಲ್ಲಿ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸಾಗಿಸಿತು.

ಈ ನಿಯಮವು ಪಂದ್ಯದ ಕಾರುಗಳಿಗೆ ಮಾತ್ರ ಮೀಸಲಲ್ಲ. ಮಳೆ ಬಿದ್ದು ಘರ್ಷಣಾಂಕವು ಅರ್ಧಕ್ಕಿಳಿದರೆ, ಅದೇ ತಿರುವಿನ ಮಿತಿ ಗಂಟೆಗೆ ಸುಮಾರು 53 ಕಿಲೋಮೀಟರಿಗೆ ಇಳಿಯುತ್ತದೆ. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಈ ಮಿತಿಯನ್ನು ಒಂದಂಗುಲವೂ ಸರಿಸಲಾರದು. ಮೀರಿದವನು ತೆರಬೇಕಾದುದು ಬಹುಮಾನವನ್ನಲ್ಲ, ಪ್ರಾಣವನ್ನು.