ಓದಲು ತೊಡಕುಳ್ಳವರಿಗೆ ಸುಗಮ ಬರವಣಿಗೆ

ದೃಷ್ಟಿಯಲ್ಲಿ ದೋಷವಿಲ್ಲ, ಬುದ್ಧಿಗೂ ಕೊರತೆಯಿಲ್ಲ. ಆದರೂ ಅಕ್ಷರಗಳ ಸಾಲನ್ನು ಕಂಡೊಡನೆ ಕೆಲವರು ತಡವರಿಸುತ್ತಾರೆ. ಈ ಸ್ಥಿತಿಯನ್ನು ‘ಡಿಸ್ಲೆಕ್ಸಿಯಾ’ ಎಂದು ಕರೆಯುತ್ತಾರೆ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಇಂತಹ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಲೆಕ್ಕದಲ್ಲಿ ಚುರುಕಾಗಿದ್ದ ಅವನು ಹೆಚ್ಚಿನ ಪದಗಳನ್ನು ಓದಲಾರದವನಾಗಿದ್ದನು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಅವನೇ ಶಾಲೆಯ ಅತಿ ಜಾಣ ವಿದ್ಯಾರ್ಥಿಯಾಗುತ್ತಿದ್ದನೆಂಬುದು ಅವನ ಉಪಾಧ್ಯಾಯರ ಅಭಿಪ್ರಾಯವಾಗಿತ್ತು.

ಅಕ್ಷರವನ್ನು ಧ್ವನಿಯೊಡನೆ ಕೂಡಿಸುವ ಮಿದುಳಿನ ಕಾರ್ಯವು ನಿಧಾನವಾಗುವುದೇ ಈ ತೊಡಕಿನ ಮುಖ್ಯ ಲಕ್ಷಣ. ಇದು ಹಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಕಂಡುಬರುತ್ತದೆ. ಇದಕ್ಕೆ ಔಷಧವಿಲ್ಲ, ಕ್ರಮಬದ್ಧವಾದ ಶಿಕ್ಷಣದಿಂದ ಓದು ಸುಧಾರಿಸುತ್ತದೆ. ಮನೆಯಲ್ಲಿ ಕನ್ನಡ, ನೆರೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ಮುಂಬಯಿ, ಪುಣೆಗಳ ಪರಿಸರವು ಇದಕ್ಕೆ ಕಾರಣವಲ್ಲ. ಆದುದರಿಂದ ಪೋಷಕರು ತಾಯ್ನುಡಿಯನ್ನು ಕೈಬಿಡಬೇಕಾಗಿಲ್ಲ. ಕನ್ನಡದಲ್ಲಿ ಉಚ್ಚಾರಕ್ಕೂ ಬರಹಕ್ಕೂ ಹೊಂದಿಕೆಯಿರುವುದು ಅನುಕೂಲವೇ. ಆದರೆ ಒತ್ತಕ್ಷರಗಳೂ, ಒಂದೇ ಗೆರೆಯಿಂದ ಭಿನ್ನವಾಗುವ ಪ-ಷ, ಘ-ಫ ಮುಂತಾದ ಜೋಡಿಗಳೂ ಓದುಗನನ್ನು ತಡೆಯುತ್ತವೆ.

ಓದುಗನ ಶ್ರಮದಲ್ಲಿ ಒಂದು ಪಾಲನ್ನು ಬರೆಯುವವನೇ ಕಡಿಮೆಮಾಡಬಹುದು. ಉದಾಹರಣೆಗೆ, ಔಷಧದ ಚೀಟಿಯೊಂದರಲ್ಲಿ “ಈ ಗುಳಿಗೆಗಳು ಆಹಾರಾನಂತರ ದಿನಕ್ಕೆ ಎರಡಾವರ್ತಿ ಐದು ದಿನಗಳ ಪರ್ಯಂತ ಸೇವಿಸಲ್ಪಡತಕ್ಕದ್ದು” ಎಂದಿದೆಯೆನ್ನೋಣ. ಅದನ್ನೇ ಹೀಗೆ ಬರೆಯಬಹುದು:

ಬೆಳಿಗ್ಗೆ, ತಿಂಡಿಯ ನಂತರ: 1 ಗುಳಿಗೆ.
ರಾತ್ರಿ, ಊಟದ ನಂತರ: 1 ಗುಳಿಗೆ.
ಒಟ್ಟು 5 ದಿನ.

ಇಲ್ಲಿ ತಪ್ಪಾಗಿ ಓದಿದರೆ ಅಪಾಯಕ್ಕೊಳಗಾಗುವುದು ದೇಹಾರೋಗ್ಯ. ಸಂಘದ ಪ್ರಕಟಣೆ, ಬ್ಯಾಂಕಿನ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆಗಳಿಗೂ ಕೆಳಗಿನ ನಿಯಮಗಳು ಅನ್ವಯಿಸುತ್ತವೆ.

1. ಒಂದು ವಾಕ್ಯದಲ್ಲಿ ಒಂದೇ ವಿಷಯವಿರಲಿ. ಮುಖ್ಯವಾದುದು ಮೊದಲು ಬರಲಿ.
2. ಅಕ್ಷರಗಳು 12ರಿಂದ 14 ಪಾಯಿಂಟ್ ಗಾತ್ರದಲ್ಲಿರಲಿ. ಸಾಲುಗಳ ನಡುವೆ ಧಾರಾಳವಾಗಿ ಸ್ಥಳ ಬಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.
3. ಎಡ ಅಂಚು ಮಾತ್ರ ನೇರವಾಗಿರಲಿ. ಎರಡೂ ಅಂಚುಗಳನ್ನು ಸಮಗೊಳಿಸಿದರೆ ಪದಗಳ ನಡುವಿನ ಅಂತರ ಏರುಪೇರಾಗುತ್ತದೆ.
4. ಓರೆ ಅಕ್ಷರ, ಅಡಿಗೆರೆಗಳನ್ನು ತಪ್ಪಿಸಿ, ಒತ್ತುಕೊಡಬೇಕಾದಲ್ಲಿ ದಪ್ಪ ಅಕ್ಷರ ಬಳಸಬೇಕು.
5. ಕಣ್ಣು ಕೋರೈಸುವ ಬಿಳುಪಿಗಿಂತ ಕೆನೆಬಣ್ಣದ ಕಾಗದ ಅನೇಕರಿಗೆ ಹಿತಕರ.
6. ಉದ್ದವಾದ ವಿವರಣೆಯನ್ನು ಉಪಶೀರ್ಷಿಕೆಗಳಿಂದ ವಿಂಗಡಿಸಬೇಕು.

ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಈಗ ಮೊಬೈಲ್ ಫೋನಿನಲ್ಲಿಯೂ ಉಂಟು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಡಿಸ್ಲೆಕ್ಸಿಯಾವನ್ನೊಳಗೊಂಡ ಕಲಿಕಾ ನ್ಯೂನತೆಗಳನ್ನು ಮಾನ್ಯಮಾಡಿದೆ. ತಜ್ಞರ ಪರೀಕ್ಷೆಯ ನಂತರ ದೊರೆಯುವ ಪ್ರಮಾಣಪತ್ರದ ಆಧಾರದ ಮೇಲೆ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯ ಪಡೆಯಲು ಅವಕಾಶವಿದೆ. ಆದುದರಿಂದ ಮಗುವು ಓದಲು ತಡವರಿಸಿದರೆ ಸೋಮಾರಿಯೆಂದು ಜರೆಯುವ ಮೊದಲು ಪರೀಕ್ಷೆ ಮಾಡಿಸುವುದು ಹಿರಿಯರ ಕರ್ತವ್ಯ.

ಸುಗಮವಾಗಿ ಬರೆದ ಪುಟವು ವೃದ್ಧರಿಗೂ, ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ಹೊರನಾಡಿನ ಮಕ್ಕಳಿಗೂ ಉಪಕಾರಿ. ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬೇಕಾದುದು ಬರೆಯುವವರ ಸ್ವಲ್ಪ ತಾಳ್ಮೆ.