ಒಂದು ಮಾಳಿಗೆ, ಎರಡು ಡಿಶ್

ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ತಾಲ್ಲೂಕಿಗೆ ಸೇರಿರುವ ಕಲ್ಲೋಳಿಯ ಸುತ್ತ ತೋಟದ ಮನೆಗಳು ಹೆಚ್ಚು. ಊರೊಳಗಿನ ಓಣಿಗಳಿಗೆ ಕೇಬಲ್ ತಂತಿ ಬಂದೀತು. ಕಬ್ಬಿನ ಹೊಲದ ನಡುವೆ ಒಂಟಿಯಾಗಿ ನಿಂತ ಮನೆಗೆ ಅಷ್ಟುದ್ದ ತಂತಿ ಎಳೆದು ಕೊಡುವುದು ಕೇಬಲ್‌ನವರಿಗೆ ಪೂರೈಸುವ ಮಾತಲ್ಲ. ಹೀಗಾಗಿ ತೋಟದ ಮನೆಯ ಮಾಳಿಗೆಯ ಮೇಲೆ ಡಿಶ್ ಸಾಮಾನ್ಯ ನೋಟ. ಕೆಲವು ಮಾಳಿಗೆಗಳ ಮೇಲೆ ಎರಡಿರುತ್ತವೆ. ಒಂದು ದುಡಿಯುವುದು, ಇನ್ನೊಂದು ತುಕ್ಕು ಹಿಡಿಯುವುದು. ತುಕ್ಕು ಹಿಡಿದದ್ದು ಹಿಂದಿನ ಕಂಪನಿಯದು.

ಕಂಪನಿ ಬದಲಿಸಿದ ಮನೆಯ ಮೊದಲ ಸಂಜೆ ಹೇಗಿರುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ಡಿಶ್ ಕೂಡಿಸಲು ಬಂದ ಹುಡುಗ ಚಹಾ ಕುಡಿದು ಹೋಗಿ ಇನ್ನೂ ಗಂಟೆಯಾಗಿರುವುದಿಲ್ಲ. ಆಯಿ ರಿಮೋಟ್ ಹಿಡಿದು ದಿನದಂತೆ ಮೂರು ಅಂಕಿ ಒತ್ತುತ್ತಾಳೆ. ತೆರೆಯ ಮೇಲೆ ಯಾವುದೋ ಗೊತ್ತಿಲ್ಲದ ಭಾಷೆಯ ಸುದ್ದಿ. ‘ಏ ತಮ್ಮಾ, ನನ್ನ ಧಾರಾವಾಹಿ ಎಲ್ಲಿ ಹೋತೋ?’ ಎಂಬ ಪ್ರಶ್ನೆ. ‘ನಂಬರ್ ಬದ್ಲಿ ಆಗೇತಿ ಆಯಿ, ತಡಿ, ಹುಡುಕ್ತೇನಿ’ ಎಂಬ ಉತ್ತರ. ಹುಡುಕುವಷ್ಟರಲ್ಲಿ ಧಾರಾವಾಹಿ ಮುಗಿದಿರುತ್ತದೆ. ಸಿಕ್ಕಿದರೂ ‘ಈ ವಾಹಿನಿಗೆ ನೀವು ಚಂದಾದಾರರಲ್ಲ’ ಎಂಬ ಪಟ್ಟಿ ಮೂಡಬಹುದು. ಹಳೆಯ ಕಂಪನಿಯಲ್ಲಿ ಬರುತ್ತಿತ್ತಲ್ಲ ಎಂದರೆ, ಅದು ಆ ಕಂಪನಿಯ ಪ್ಯಾಕ್.

ಇದನ್ನು ಹಳ್ಳಿಯವರ ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವುದು ಸುಲಭ. ಬೆಂಗಳೂರಿನ ಬಹುಮಹಡಿ ಮನೆಯಲ್ಲೂ ಇದೇ ಕಥೆ. ತೊಡಕು ಇರುವುದು ನೋಡುಗನಲ್ಲಲ್ಲ, ವ್ಯವಸ್ಥೆಯ ಕಟ್ಟೋಣದಲ್ಲಿ.

ಮೊದಲು ಮಾಳಿಗೆಯ ಮೇಲಿನ ಸಂಗತಿ. ಪ್ರಸಾರಕ್ಕೆ ಬಳಸುವ ಉಪಗ್ರಹಗಳು ಸಮಭಾಜಕ ವೃತ್ತದ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತಂತೆ ಕಾಣುತ್ತವೆ. ಆದರೆ ಎಲ್ಲ ಕಂಪನಿಗಳ ಉಪಗ್ರಹವೂ ಒಂದೇ ಕಡೆ ಇಲ್ಲ. ಒಂದರದು 83 ಡಿಗ್ರಿ ಪೂರ್ವ ರೇಖಾಂಶದ ಮೇಲಿದ್ದರೆ ಇನ್ನೊಂದರದು 108 ಡಿಗ್ರಿಯ ಮೇಲೆ. ಉಳಿದವು ಇವೆರಡರ ನಡುವೆ. ಕಲ್ಲೋಳಿ ಇರುವುದು ಸುಮಾರು 75 ಡಿಗ್ರಿ ರೇಖಾಂಶದಲ್ಲಿ. ಅಲ್ಲಿ ನಿಂತು ನೋಡಿದರೆ ಇವೆಲ್ಲ ಆಗ್ನೇಯ ಮೂಲೆಯ ಆಕಾಶದಲ್ಲಿ ಹರಡಿಕೊಂಡಿವೆ. ಮೊದಲನೆಯದು ಹೆಚ್ಚು ದಕ್ಷಿಣಕ್ಕೆ ವಾಲಿ ಎತ್ತರದಲ್ಲಿದ್ದರೆ ಕೊನೆಯದು ಪೂರ್ವಕ್ಕೆ ಸರಿದು ತಗ್ಗಿನಲ್ಲಿದೆ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಡಿಶ್ಶನ್ನು ಹೆಚ್ಚುಕಡಿಮೆ 40 ಡಿಗ್ರಿ ತಿರುಗಿಸಿ, ಮುಖವನ್ನೂ ಬಗ್ಗಿಸಬೇಕು. ಹಳೆಯ ಕಂಪನಿಗೆ ಅಡ್ಡ ಬಾರದಿದ್ದ ತೆಂಗಿನ ಮರ ಹೊಸ ಕಂಪನಿಗೆ ಅಡ್ಡ ಬರುವುದು ಈ ಕಾರಣಕ್ಕೆ.

ಒಂದೆರಡು ಡಿಗ್ರಿ ಆಚೀಚೆಯಾದರೂ ನಡೆಯುವುದಿಲ್ಲ. ಇದಕ್ಕೆ 2010ರ ಜುಲೈ ಸಾಕ್ಷಿ. ಆ ತಿಂಗಳ 7ರಂದು ಇನ್ಸಾಟ್-4ಬಿ ಉಪಗ್ರಹದ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಅದರ ಅರ್ಧದಷ್ಟು ಟ್ರಾನ್ಸ್‌ಪಾಂಡರ್‌ಗಳನ್ನು ನಿಲ್ಲಿಸಬೇಕಾಯಿತು. ಅದನ್ನೇ ನೆಚ್ಚಿದ್ದ ಸನ್ ಡೈರೆಕ್ಟ್ ತನ್ನ ಪ್ರಸಾರವನ್ನು 93.5 ಡಿಗ್ರಿಯಿಂದ 91.5 ಡಿಗ್ರಿಯಲ್ಲಿದ್ದ ಮೀಸ್ಯಾಟ್-3 ಉಪಗ್ರಹಕ್ಕೆ ವರ್ಗಾಯಿಸಿತು. ವ್ಯತ್ಯಾಸ ಬರೀ 2 ಡಿಗ್ರಿ. ಆದರೂ ಅಷ್ಟಕ್ಕಾಗಿ ದಕ್ಷಿಣ ಭಾರತದ ಲೆಕ್ಕವಿಲ್ಲದಷ್ಟು ಮಾಳಿಗೆಗಳ ಮೇಲೆ ಯಾರಾದರೂ ಹತ್ತಿ ಡಿಶ್ ತಿರುಗಿಸಲೇಬೇಕಾಯಿತು. ಕಂಪನಿ ಬದಲಿಸದೆಯೇ ಕಂಪನಿ ಬದಲಿಸಿದ ಪಾಡು ಅದು.

ಮಳೆಯ ದೂರು ಬೇರೆ. ‘ಹೊಸ ಕಂಪನಿಯದು ಮಳೆ ಬಂದರೆ ಹೋಗುತ್ತದೆ’ ಎನ್ನುವವರು, ಹಳೆಯದೂ ಹೋಗುತ್ತಿತ್ತು ಎಂಬುದನ್ನು ಮರೆತಿರುತ್ತಾರೆ. ಈ ಸೇವೆಗಳೆಲ್ಲ ಬಳಸುವುದು ಕೆಯು ಬ್ಯಾಂಡ್ ಎಂಬ, ಎರಡೂವರೆ ಸೆಂಟಿಮೀಟರ್ ಆಸುಪಾಸಿನ ಉದ್ದದ ಅಲೆಗಳನ್ನು. ಡಿಶ್ ಸಣ್ಣದಾಗಿ ಮನೆಯ ಮೇಲೆ ಕೂರುವುದು ಈ ಅಲೆಯಿಂದಲೇ. ದಟ್ಟ ಮಳೆಹನಿಗಳು ಹೀರಿಕೊಳ್ಳುವುದೂ ಈ ಅಲೆಯನ್ನೇ. ಮೂಡಲ ಸೀಮೆಯಲ್ಲಿ ಹಿಂಗಾರಿಯ ಗುಡುಗು ಮಳೆ ಅರ್ಧ ಗಂಟೆ ಜಡಿದರೆ ಅಷ್ಟು ಹೊತ್ತು ಚಿತ್ರ ಚೂರುಚೂರಾಗುತ್ತದೆ. ಇದರಲ್ಲಿ ಕಂಪನಿಗಳ ತಪ್ಪು ಕಡಿಮೆ. ಕೇಬಲ್‌ಗೆ ಮಳೆಯ ಈ ಕಾಟವಿಲ್ಲ ಎನ್ನಬಹುದು, ಆದರೆ ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರ್ ಓಣಿಯೊಳಗೆ ನುಗ್ಗಿದರೆ ಜೋತುಬಿದ್ದ ತಂತಿಯ ಗತಿ ಏನೆಂದು ಹೇಳಬೇಕಿಲ್ಲ.

ತಪ್ಪು ಹುಡುಕಬೇಕಾದದ್ದು ಕೋಣೆಯೊಳಗಿನ ಪೆಟ್ಟಿಗೆಯಲ್ಲಿ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾದ ಮೇಲೆ ಊರೂರಲ್ಲಿ ಎದ್ದ ಆಂಟೆನಾಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಯಾವ ಅಂಗಡಿಯ ಟಿ.ವಿ.ಯಾದರೂ, ಯಾವ ಆಂಟೆನಾ ಆದರೂ ಆದೀತು. ಮುಂದೆ ಕೇಬಲ್ ಬಂದಾಗಲೂ ತಂತಿಯ ತುದಿಯನ್ನು ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದರೆ ಮುಗಿಯಿತು. 2003ರಲ್ಲಿ ಮನೆಗೇ ನೇರ ಬರುವ ಡಿ.ಟಿ.ಎಚ್. ಸೇವೆ ದೇಶದಲ್ಲಿ ಶುರುವಾದಾಗ ಪೆಟ್ಟಿಗೆ ಬಂತು. ಕೇಬಲ್‌ಗೂ ಪೆಟ್ಟಿಗೆ ಕಡ್ಡಾಯವಾಗಿ, ಮಹಾನಗರಗಳಿಂದ 2012ರಲ್ಲಿ ಹೊರಟ ಆ ಆದೇಶದ ನಾಲ್ಕನೆಯ ಹಾಗೂ ಕೊನೆಯ ಹಂತದ ಗಡುವು ಹಳ್ಳಿಗಳಿಗೆ 2017ರ ಮಾರ್ಚ್ 31ಕ್ಕೆ ಬಿತ್ತು.

ಈ ಪೆಟ್ಟಿಗೆಯೊಳಗೆ ಬೀಗದ ಕೈ ಇದೆ. ಆಕಾಶದಿಂದ ಬರುವ ಸಂಕೇತವನ್ನು ಕಂಪನಿ ಗುಪ್ತಲಿಪಿಯಲ್ಲಿ ಕಳಿಸುತ್ತದೆ, ಅದನ್ನು ಬಿಡಿಸುವ ಕೀಲಿ ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುತ್ತದೆ. ಹಣ ಕಟ್ಟಿದವರ ಪೆಟ್ಟಿಗೆಗೆ ಮಾತ್ರ ಆ ಕೀಲಿ ತಿಳಿಯುವಂತೆ ವ್ಯವಸ್ಥೆ ಇರುತ್ತದೆ. ಕಳ್ಳತನ ತಡೆಯಲು ಇದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀಗದ ಜೊತೆಗೆ ಬಾಗಿಲನ್ನೂ ಕಂಪನಿಗಳು ತಮ್ಮದೇ ಅಳತೆಗೆ ಮಾಡಿಕೊಂಡವು. ಪೆಟ್ಟಿಗೆಯನ್ನು ತಯಾರಿಸುವಾಗಲೇ ಒಂದು ಕಂಪನಿಯ ಬೀಗಕ್ಕೆ ಹೊಂದಿಸಿರುತ್ತಾರೆ. ಹಣ ಕೊಟ್ಟು ಕೊಂಡ ವಸ್ತು ಎಂದು ಮನೆಯವರು ತಿಳಿದದ್ದು ಕಂಪನಿ ಬಿಟ್ಟ ದಿನ ಬರೀ ಡಬ್ಬಿ. ಮಕ್ಕಳ ಆಟಿಕೆಗೂ ಬಾರದು.

ಇದು ಯಾರಿಗೂ ಹೊಳೆಯದ ಸಮಸ್ಯೆಯೇನಲ್ಲ. ಕೇಂದ್ರ ಸರ್ಕಾರ 2001ರ ಮಾರ್ಚ್‌ನಲ್ಲಿ ಡಿ.ಟಿ.ಎಚ್. ಮಾರ್ಗಸೂಚಿ ಹೊರಡಿಸಿದಾಗಲೇ, ಅಂದರೆ ಒಂದೇ ಒಂದು ಡಿಶ್ ಕೂಡುವ ಮೊದಲೇ, ಪೆಟ್ಟಿಗೆ ಎಲ್ಲ ಕಂಪನಿಗಳಿಗೂ ಒಗ್ಗುವಂತಿರಬೇಕೆಂಬ ಷರತ್ತು ಹಾಕಿತ್ತು. ಕಾಗದದ ಮೇಲೆ ಷರತ್ತು ಉಳಿಯಿತು. ಆರಂಭದ ಪೆಟ್ಟಿಗೆಗಳು ಎಂಪೆಗ್-2 ಎಂಬ ವಿಧಾನದವು, ನಂತರ ಬಂದ ಕಂಪನಿಗಳದು ಎಂಪೆಗ್-4. ಹೀಗಾಗಿ ಬೀಗ ತೆಗೆದರೂ ಹಳೆಯ ಪೆಟ್ಟಿಗೆಗೆ ಹೊಸ ಚಿತ್ರ ಓದಲು ಬರುತ್ತಿರಲಿಲ್ಲ. ಬೀಗದ ಭಾಗವನ್ನಷ್ಟೇ ಬೇರ್ಪಡಿಸಿ ಬದಲಿಸಬಲ್ಲ ಬಿಡಿ ಸಾಧನವೂ ಇದೆ. ಅದರ ಬೆಲೆ ಹೊಸ ಪೆಟ್ಟಿಗೆಯ ಬೆಲೆಗೆ ಸಮೀಪವಾದ್ದರಿಂದ ಯಾರೂ ಕೊಳ್ಳಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2020ರ ಏಪ್ರಿಲ್‌ನಲ್ಲಿ ಯುಎಸ್‌ಬಿ ಮೂಲಕ ಸಿಕ್ಕಿಸುವ ಬೀಗ ಬಳಸಿ ಎಲ್ಲ ಪೆಟ್ಟಿಗೆಗಳನ್ನೂ ಪರಸ್ಪರ ಒಗ್ಗುವಂತೆ ಮಾಡಬೇಕೆಂದು ಮತ್ತೊಮ್ಮೆ ಶಿಫಾರಸು ಮಾಡಿತು. ಕಲ್ಲೋಳಿಯ ಮಾಳಿಗೆಯವರೆಗೆ ಆ ಶಿಫಾರಸು ಇಳಿದಿಲ್ಲ.

ಮೊಬೈಲಿನ ಜೊತೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 2011ರ ಜನವರಿ 20ರಿಂದ ದೇಶದಾದ್ಯಂತ ಹಳೆಯ ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸುವ ಅವಕಾಶ ಬಂತು. ಫೋನ್ ಅದೇ, ನಂಬರ್ ಅದೇ, ಒಳಗಿನ ಚೂರು ಸಿಮ್ ಮಾತ್ರ ಬೇರೆ. ಟಿ.ವಿ.ಯಲ್ಲಿ ಡಬ್ಬಿ, ರಿಮೋಟ್, ಡಿಶ್ಶಿನ ದಿಕ್ಕು, ವಾಹಿನಿಯ ನಂಬರ್ ಎಲ್ಲವೂ ಬೇರೆ. ವಾಹಿನಿಗೆ ಯಾವ ನಂಬರ್ ಎಂಬುದನ್ನು ಆಯಾ ಕಂಪನಿಯೇ ನಿರ್ಧರಿಸುತ್ತದೆ. ಅಕ್ಷರ ಓದಲು ಬಾರದೆ ಅಂಕಿಯ ಜಾಗವನ್ನು ಬೆರಳಿನಲ್ಲೇ ನೆನಪಿಟ್ಟುಕೊಂಡ ಆಯಿಗೆ ಇದು ಸಣ್ಣ ಬದಲಾವಣೆಯಲ್ಲ.

ದರದ ಗೊಂದಲಕ್ಕೂ ಒಂದು ಇತಿಹಾಸವಿದೆ. 2019ರ ಫೆಬ್ರವರಿ 1ರಿಂದ ‘ಬೇಕಾದ ವಾಹಿನಿಗೆ ಮಾತ್ರ ಹಣ ಕೊಡಿ’ ಎಂಬ ನಿಯಮ ಜಾರಿಗೆ ಬಂತು. ಮೊದಲ 100 ವಾಹಿನಿಗಳ ಜಾಲಶುಲ್ಕ ಗರಿಷ್ಠ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಹಣದ ವಾಹಿನಿಗಳಿಗೆ ಬೇರೆ ಬೆಲೆ. ಉದ್ದೇಶ ಒಳ್ಳೆಯದೇ. ಆದರೆ ನೂರಾರು ವಾಹಿನಿಗಳ ಪಟ್ಟಿ ಹಿಡಿದು ಬೇಕಾದ್ದನ್ನು ಆರಿಸುವ ವ್ಯವಧಾನ ಯಾರಿಗಿದೆ? ಬಹುಪಾಲು ಜನ ಕಂಪನಿ ಕಟ್ಟಿಕೊಟ್ಟ ಗಂಟನ್ನೇ ತೆಗೆದುಕೊಂಡರು. ಗಂಟುಗಳನ್ನು ಕಟ್ಟುವುದು ರಾಜ್ಯದ ಭಾಷೆ ನೋಡಿ. ಗಡಿ ಜಿಲ್ಲೆಯ ಮನೆಗೆ ಕೊಲ್ಲಾಪುರ, ಸಾಂಗಲಿ ಕಡೆಯಿಂದ ಸೊಸೆ ಬಂದಿದ್ದರೆ ಕನ್ನಡದ ಗಂಟಿನಲ್ಲಿ ಅವಳ ಮರಾಠಿ ವಾಹಿನಿ ಸಿಗದೆ, ಅದಕ್ಕೆ ಬೇರೆಯೇ ಹಣ ಕಟ್ಟಬೇಕಾದೀತು. 2024ರ ಜುಲೈನಲ್ಲಿ ಜಾಲಶುಲ್ಕದ ಮೇಲಿನ ಮಿತಿಯನ್ನೂ ಟ್ರಾಯ್ ತೆಗೆದುಹಾಕಿತು. ಹೀಗಾಗಿ ಕಂಪನಿ ಬದಲಿಸುವವರು ಕೇಳಬೇಕಾದದ್ದು ಮೊದಲ ತಿಂಗಳ ರಿಯಾಯಿತಿ ದರವನ್ನಲ್ಲ, ಏಳನೆಯ ತಿಂಗಳ ದರವನ್ನು.

ಬೀಗವಿಲ್ಲದ ಆಕಾಶವೂ ಒಂದಿದೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಎನಿಸಿಕೊಂಡಿರುವ ದೂರದರ್ಶನದ ಸೇವೆಗೆ ತಿಂಗಳ ಬಾಡಿಗೆ ಇಲ್ಲ. ಸಂತೆಯಲ್ಲಿ ಕೊಂಡ ಪೆಟ್ಟಿಗೆಯಲ್ಲೂ ಚಂದನ ಬರುತ್ತದೆ. ಹಣದ ವಾಹಿನಿಗಳು ಮಾತ್ರ ಅಲ್ಲಿ ಬರುವುದಿಲ್ಲ, ಆಯಿಯ ಧಾರಾವಾಹಿ ಇರುವುದು ಅಲ್ಲೇ. ಇತ್ತ ಬೇಸತ್ತವರು ಮೊಬೈಲ್ ತೆರೆಗೆ ಸರಿಯುತ್ತಿದ್ದಾರೆ. ಟ್ರಾಯ್ ಲೆಕ್ಕದಂತೆ 2020ರ ಕೊನೆಗೆ ಸುಮಾರು 7 ಕೋಟಿಯಿದ್ದ ಡಿ.ಟಿ.ಎಚ್. ಚಂದಾದಾರರು 2024ರ ಮಾರ್ಚ್ ವೇಳೆಗೆ 6.2 ಕೋಟಿಗೆ ಇಳಿದರು.

ಮಾಳಿಗೆಯ ಮೇಲಿನ ತುಕ್ಕು ಡಿಶ್ಶಿನ ಬಗ್ಗೆ ಒಂದು ಮಾತು ಉಳಿದಿದೆ. ಅದರ ಬಟ್ಟಲಿಗೆ ಯಾವ ಬೀಗವೂ ಇಲ್ಲ. ಗಟ್ಟಿಯಾಗಿದ್ದರೆ ದಿಕ್ಕು ತಿರುಗಿಸಿ ಹೊಸ ಕಂಪನಿಗೂ ಬಳಸಬಹುದು. ಕೂಡಿಸಲು ಬರುವ ಹುಡುಗ ಮಾತ್ರ ಹೊಸ ಬಟ್ಟಲನ್ನೇ ತಂದಿರುತ್ತಾನೆ, ಅದರ ಹಣವೂ ಬಿಲ್ಲಿನಲ್ಲಿ ಆಗಲೇ ಸೇರಿರುತ್ತದೆ.